ಕಿಡಿ ಸುಲಭ, ಬೆಂಕಿಯೇ ಕಷ್ಟ: ಫೆರೋ ರಾಡ್ ಬಳಸುವುದು ಹೇಗೆ?

ಚಾರಣಕ್ಕೆ ಹೋಗುವವರ ಬ್ಯಾಗಿನಲ್ಲಿ ಈಗ ಬೆರಳುದ್ದದ ಕಪ್ಪು ಕಡ್ಡಿಯೊಂದು ಕಾಣುತ್ತದೆ. ಅದಕ್ಕೆ ದಾರದಲ್ಲಿ ಕಟ್ಟಿದ ಪುಟ್ಟ ಉಕ್ಕಿನ ಪಟ್ಟಿ. ಫೆರೋ ರಾಡ್, ಫೈರ್ ಸ್ಟಾರ್ಟರ್ ಎಂದು ಅಂಗಡಿಯಲ್ಲಿ ಸಿಗುವುದು ಇದೇ. ಕೊಂಡವರು ಸಾಮಾನ್ಯವಾಗಿ ಮನೆಯಲ್ಲಿ ನಾಲ್ಕು ಸಲ ಕೆರೆದು, ಕಿಡಿ ಹಾರಿದ್ದು ನೋಡಿ ಖುಷಿಪಟ್ಟು, ಬ್ಯಾಗಿಗೆ ಹಾಕಿಬಿಡುತ್ತಾರೆ. ಆಮೇಲೆ ಚಳಿಯಲ್ಲಿ ನಿಜವಾಗಿ ಬೇಕಾದಾಗ ಕಿಡಿ ಬರುತ್ತದೆ, ಬೆಂಕಿ ಮಾತ್ರ ಹತ್ತುವುದಿಲ್ಲ.

ಈ ಕಡ್ಡಿ ಸೀರಿಯಂ, ಲ್ಯಾಂಥನಂ ತರಹದ ಲೋಹಗಳಿಗೆ ಕಬ್ಬಿಣ ಬೆರೆಸಿ ಮಾಡಿದ್ದು. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬೀಡಿ ಹಚ್ಚುವ ಲೈಟರ್‌ನ ಚಕ್ರದ ಕೆಳಗಿರುವ ‘ಕಲ್ಲು’ ಕೂಡ ಇದೇ. ತಾತಂದಿರ ಕಾಲದ ಚಕಮಕಿಯಲ್ಲಿ ಕಲ್ಲು ಉಕ್ಕನ್ನು ಕೆರೆಯುತ್ತಿತ್ತು, ಉಕ್ಕಿನ ಚೂರು ಕೆಂಪಗೆ ಹಾರುತ್ತಿತ್ತು. ಇಲ್ಲಿ ಉಲ್ಟಾ. ಉಕ್ಕು ಕಡ್ಡಿಯನ್ನು ಕೆರೆಯುತ್ತದೆ, ಕಡ್ಡಿಯ ಚೂರೇ ಗಾಳಿ ತಾಗಿ ಉರಿಯುತ್ತದೆ. ಆ ಕಿಡಿಯ ಬಿಸಿ ಸುಮಾರು 3,000 ಡಿಗ್ರಿ ಸೆಲ್ಸಿಯಸ್. ಕೇಳಿದರೆ ಭಯವಾಗುತ್ತದೆ, ಆದರೆ ಚೂರು ಧೂಳಿನಷ್ಟು. ಕ್ಷಣದಲ್ಲಿ ಆರಿಹೋಗುತ್ತದೆ. ಅಷ್ಟು ಚಿಕ್ಕ ಚೂರಿನ ಶಾಖ ಒಂದು ಪುಳ್ಳೆಗೂ ಸಾಲದು. ಕೂದಲೆಳೆಯಷ್ಟು ತೆಳ್ಳಗಿದ್ದು ಚೆನ್ನಾಗಿ ಒಣಗಿದ್ದಕ್ಕೆ ಮಾತ್ರ ಬೆಂಕಿ ಹತ್ತುತ್ತದೆ. ಅದಕ್ಕೇ ಇಲ್ಲಿ ಮುಕ್ಕಾಲು ಕೆಲಸ ನಾರು, ಹತ್ತಿ ಹೊಂದಿಸುವುದರಲ್ಲೇ ಇದೆ.

ಮೊದಲು ಜಾಗ

ದೇವರಾಯನದುರ್ಗ, ಸ್ಕಂದಗಿರಿ, ಅಂತರಗಂಗೆಯ ಬೆಟ್ಟಗಳಿಗೆ ಹೋದಾಗ ಕಡ್ಡಿ ಬ್ಯಾಗಿನಲ್ಲೇ ಇರಲಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಬಿಡಿ, ಫೆಬ್ರವರಿಯಿಂದ ಮುಂಗಾರು ಶುರುವಾಗುವವರೆಗೆ ಈ ಬೆಟ್ಟಗಳ ಹುಲ್ಲು ಎಷ್ಟು ಒಣಗಿರುತ್ತದೆ ಎಂದು ನೋಡಿದವರಿಗೆ ಬೇರೆ ಕಾರಣ ಬೇಕಿಲ್ಲ. ದಾರಿ ತಪ್ಪಿ ಜೀವಕ್ಕೇ ಅಪಾಯ ಬಂದರೆ ಆ ಮಾತು ಬೇರೆ. ಕಲಿಯುವುದಕ್ಕೆ ನಿಮ್ಮದೇ ಹೊಲ, ಗೊತ್ತಿರುವವರ ತೋಟ, ಇಲ್ಲವೇ ಬೆಂಕಿಗೆ ಒಪ್ಪಿಗೆ ಇರುವ ಕ್ಯಾಂಪ್ ಸಾಕು. ಹುಲ್ಲಿನ ಬಣವೆ, ಮಾವಿನ ತೋಪಿನ ತರಗೆಲೆ, ತೆಂಗಿನ ಸೋಗೆ ಹತ್ತಿರ ಇರಬಾರದು. ಗಾಳಿ ಜಾಸ್ತಿ ಇದ್ದರೆ ಅವತ್ತು ಬೇಡವೇ ಬೇಡ. ಒಂದು ಕೊಡ ನೀರು ಪಕ್ಕದಲ್ಲಿಟ್ಟುಕೊಂಡೇ ಕೂರಬೇಕು.

ಬಂಡೆಯ ಮೇಲೆ ಹಚ್ಚಿದರೆ ಸೇಫು ಅನ್ನುವವರಿದ್ದಾರೆ. ಅಲ್ಲ. ಬಿಸಿಗೆ ಗ್ರಾನೈಟ್‌ನ ಮೇಲ್ಪದರ ಹಿಗ್ಗಿ ಸಿಡಿಯುತ್ತದೆ. ನಮ್ಮ ಕಡೆ ಕಲ್ಲು ಕೆಲಸದವರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಇದೇ ಗುಣ ನಂಬಿಕೊಂಡು. ಹುಲ್ಲು, ಬೇರು ಕೆತ್ತಿ ತೆಗೆದು, ಬರೀ ಮಣ್ಣು ಕಾಣುವವರೆಗೆ ಗೇಣುದ್ದ ಗುಂಡಿ ತೋಡಿ. ಅದೇ ಒಲೆ.

ಕಿಡಿ ಹಿಡಿಯುವ ನಾರು

ತುಮಕೂರು ಕಡೆಯವರಿಗೆ ತೆಂಗಿನ ಮಟ್ಟೆ ಎಲ್ಲೆಂದರಲ್ಲಿ ಸಿಗುತ್ತದೆ. ಒಣ ಮಟ್ಟೆಯ ನಾರು ಬಿಡಿಸಿ, ಎರಡೂ ಅಂಗೈ ಮಧ್ಯೆ ಚೆನ್ನಾಗಿ ಉಜ್ಜಿ, ಪುಡಿಯನ್ನೆಲ್ಲ ಕೊಡವಿ. ಆ ಪುಡಿ ತೇವ ಹಿಡಿದಿಟ್ಟುಕೊಳ್ಳುತ್ತದೆ, ಉರಿಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮಳೆಗೆ ಬರ ಇರಬಹುದು, ನೀಲಗಿರಿ ಮರಕ್ಕೆ ಇಲ್ಲ. ಅದರ ತೊಗಟೆ ತಾನಾಗಿ ಸುಲಿದು ಜೋತಾಡುತ್ತಿರುತ್ತದೆ. ಒಣ ತೊಗಟೆಯನ್ನು ಎಳೆ ಎಳೆಯಾಗಿ ಸೀಳಿ ಉಜ್ಜಿದರೆ ಒಳ್ಳೆಯ ನಾರು. ಎಕ್ಕದ ಕಾಯಿ ಒಡೆದಾಗ ಬರುವ ಹತ್ತಿಗೆ ಬೇಗ ಹತ್ತುತ್ತದೆ, ಆದರೆ ಭಗ್ ಎಂದು ಮುಗಿದುಹೋಗುತ್ತದೆ. ಅದನ್ನು ಒಂದು ಚಿಟಿಕೆ ನಾರಿನ ನಡುವೆ ಇಡಿ, ಅಷ್ಟೇ. ಹಸಿ ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಹುಷಾರು. ಕಣಗಿಲೆ, ಕಳ್ಳಿ ಒಲೆಯ ಹತ್ತಿರವೂ ಬರಬಾರದು.

ಹೊಸಬರಿಗೆ ಮಾತ್ರ ಮನೆಯಿಂದಲೇ ತಯಾರಿ ಮಾಡಿಕೊಂಡು ಹೋಗಿ ಎನ್ನುತ್ತೇನೆ. ಹತ್ತಿಗೆ ಬಟಾಣಿಯಷ್ಟು ವ್ಯಾಸಲೀನ್ ಸವರಿ ಡಬ್ಬಿಯಲ್ಲಿ ಹಾಕಿಡಿ. ಪೂರ್ತಿ ಮೆತ್ತಬೇಡಿ, ಹೊರಗಿನ ಎಳೆ ಒಣಗಿರಬೇಕು. ಬಳಸುವಾಗ ಹತ್ತಿಯನ್ನು ಎಳೆದು ಬಿಡಿಸಿ. ಒಣ ಎಳೆ ಕಿಡಿ ಹಿಡಿಯುತ್ತದೆ, ವ್ಯಾಸಲೀನ್ ಮೂರು ನಾಲ್ಕು ನಿಮಿಷ ಉರಿಸುತ್ತದೆ. ಸೋನೆ ಮಳೆಯಲ್ಲಿ ಈ ಡಬ್ಬಿಯ ಬೆಲೆ ಗೊತ್ತಾಗುತ್ತದೆ.

ಕಿಡಿ ಹಾಕುವ ಮೊದಲೇ ಸೌದೆ ಜೋಡಿಸಿಕೊಂಡಿರಬೇಕು. ಬೆಂಕಿಕಡ್ಡಿಯಷ್ಟು ತೆಳುವಾದ ಒಣ ಲಂಟಾನ ಕಡ್ಡಿ ಎರಡು ಹಿಡಿ, ಪೆನ್ಸಿಲ್ ದಪ್ಪದ್ದು ಒಂದು ಹೊರೆ, ಆಮೇಲೆ ಹೆಬ್ಬೆರಳು ದಪ್ಪದ್ದು. ಮುರಿದಾಗ ಟಕ್ ಎನ್ನದೆ ಬಾಗುವ ಕಡ್ಡಿ ಬೇಡ.

ಈಗ ಕೆರೆಯಿರಿ

ಹೊಸ ಕಡ್ಡಿಯ ಮೇಲೆ ಕಪ್ಪು ಲೇಪನ ಇರುತ್ತದೆ. ಅದನ್ನು ಒಂದು ಕಡೆ ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿಕೊಳ್ಳಿ. ನಾರನ್ನು ಗುಬ್ಬಚ್ಚಿ ಗೂಡಿನಂತೆ ಮಾಡಿ ಗುಂಡಿಯಲ್ಲಿಡಿ. ಕಡ್ಡಿಯ ತುದಿ ಆ ಗೂಡಿನೊಳಗೇ ಊರಿರಲಿ. ಪಟ್ಟಿಯ ಚೂಪು ಅಂಚನ್ನು ಕಡ್ಡಿಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ತಪ್ಪಾಗುವುದು ಇಲ್ಲೇ. ಎಲ್ಲರೂ ಪಟ್ಟಿಯನ್ನು ರಭಸದಿಂದ ಮುಂದಕ್ಕೆ ತಳ್ಳುತ್ತಾರೆ. ಕೈ ಹೋಗಿ ಗೂಡಿಗೆ ಬಡಿದು, ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿ. ಪಟ್ಟಿ ಹಿಡಿದ ಕೈ ಅಲ್ಲಾಡಬಾರದು, ಕಡ್ಡಿಯನ್ನೇ ಹಿಂದಕ್ಕೆ ಎಳೆಯಬೇಕು. ವೇಗಕ್ಕಿಂತ ಒತ್ತಡ ಮುಖ್ಯ. ಸುಮ್ನೆ ಪಟಪಟ ಗೀರಿದರೆ ಸಣ್ಣ ಕಿಡಿ, ಒತ್ತಿ ನಿಧಾನಕ್ಕೆ ಎಳೆದರೆ ದಪ್ಪ ಕಿಡಿ. ದಪ್ಪ ಕಿಡಿಯೇ ಜಾಸ್ತಿ ಹೊತ್ತು ಉರಿಯುತ್ತದೆ. ಪಟ್ಟಿ ಇಲ್ಲದಿದ್ದರೆ ಚಾಕುವಿನ ಬೆನ್ನು ಸಾಕು, ಅದರ ಅಂಚು ಮೂಲೆಯಾಗಿರಬೇಕು, ದುಂಡಗಿರಬಾರದು. ಬಾಯಿಯ ಕಡೆಯಿಂದ ಕೆರೆದರೆ ಚಾಕು ಹಾಳು, ಬೆರಳಿಗೂ ಅಪಾಯ.

ಹತ್ತಿದ ಕೂಡಲೇ ಸೌದೆ ಹೇರಬೇಡಿ. ತೆಳು ಕಡ್ಡಿಗಳನ್ನು ಗಾಳಿಯಾಡುವಂತೆ ಒರಗಿಸಿ, ಜ್ವಾಲೆ ಮೇಲೆದ್ದ ಮೇಲೆ ದಪ್ಪದ್ದು. ಕೆಲವು ಕಿಟ್‌ಗಳಲ್ಲಿ ಮೆಗ್ನೀಷಿಯಂ ಗಟ್ಟಿ ಇರುತ್ತದೆ. ಅದನ್ನು ಹೆರೆದು ರೂಪಾಯಿ ಅಗಲದಷ್ಟು ಪುಡಿ ಮಾಡಿ ಕಿಡಿ ಹಾಕಬೇಕು. ಬೆಳ್ಳಗೆ ಕಣ್ಣು ಕುಕ್ಕುವಂತೆ ಉರಿಯುತ್ತದೆ, ದಿಟ್ಟಿಸಬೇಡಿ, ಉರಿಯುವಾಗ ನೀರೂ ಹಾಕಬೇಡಿ. ಗಾಳಿಗೆ ಪುಡಿ ಹಾರಿಹೋಗುವುದೇ ಹೆಚ್ಚು, ಹಾಗಾಗಿ ನನಗೆ ವ್ಯಾಸಲೀನ್ ಹತ್ತಿಯೇ ವಾಸಿ.

ಆರಿಸುವಾಗ ಆತುರ ಬೇಡ. ತೆಂಗಿನ ಚಿಪ್ಪು, ಹುಣಸೆ ಸೌದೆಯ ಕೆಂಡ ಬೂದಿಯೊಳಗೆ ತುಂಬ ಹೊತ್ತು ಜೀವ ಹಿಡಿದಿರುತ್ತದೆ. ನೀರು ಹಾಕಿ, ಕೋಲಿನಿಂದ ಕದಡಿ, ಮತ್ತೆ ನೀರು ಹಾಕಿ. ಅಂಗೈ ಹಿಂಭಾಗ ಹತ್ತಿರ ಹಿಡಿದಾಗ ಬಿಸಿ ತಾಗಬಾರದು. ಬರೀ ಮಣ್ಣು ಮುಚ್ಚಿ ಎದ್ದು ಹೋಗುವ ಅಭ್ಯಾಸ ಸರಿಯಲ್ಲ, ಒಳಗೆ ಕೆಂಡ ಹಾಗೇ ಇರುತ್ತದೆ. ಬೆಂಕಿ ಕೈಮೀರಿದರೆ 112ಕ್ಕೆ ಫೋನ್ ಮಾಡಿ.

ಕಡ್ಡಿ ನೀರಿಗೆ ಬಿದ್ದರೂ ಒರೆಸಿ ಕೆರೆದರೆ ಕಿಡಿ ಬರುತ್ತದೆ, ಬೆಂಕಿಪೊಟ್ಟಣ ಸೋಲುವುದು ಅಲ್ಲೇ ಅಲ್ವಾ. ಹಾಗಂತ ಬೆಂಕಿಪೊಟ್ಟಣ ಬಿಟ್ಟು ಹೋಗಬೇಡಿ, ಎರಡೂ ಇರಲಿ. ಒದ್ದೆಯಾಗಿಯೇ ತಿಂಗಳುಗಟ್ಟಲೆ ಇಟ್ಟರೆ ಕಡ್ಡಿ ಪುಡಿಯಾಗುತ್ತದೆ. ಒಣಗಿಸಿ, ಕೆರೆದ ಜಾಗಕ್ಕೆ ಉಗುರು ಬಣ್ಣ ಹಚ್ಚಿಟ್ಟರೆ ಬಾಳಿಕೆ ಬರುತ್ತದೆ. ಪಟ್ಟಿ ಕಳೆದುಹೋಗಿ ಚಾಕುವೂ ಇಲ್ಲದಿದ್ದರೆ ಬೆಣಚುಕಲ್ಲು ಹುಡುಕಿ. ಆಗಷ್ಟೇ ಒಡೆದ ಬೆಣಚುಕಲ್ಲಿನ ಚೂಪು ಅಂಚಿನಿಂದ ಕೆರೆದರೂ ಕಿಡಿ ಬರುತ್ತದೆ.