ಹೊಳವಿನ ಪಟ್ಟಿ

ಸಾಗರ ಪೇಟೆಯಲ್ಲಿ ನನ್ನದೊಂದು ತೆರಿಗೆ ಲೆಕ್ಕಪತ್ರದ ಸಣ್ಣ ಕಚೇರಿಯಿದೆ. ಅಲ್ಲಿಂದ 18 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಮನೆ ಮತ್ತು ಎರಡೂವರೆ ಎಕರೆ ಅಡಿಕೆ ತೋಟ ಇವೆ. ಇವೆರಡರಲ್ಲಿ ಒಂದನ್ನೇ ನೆಚ್ಚಿಕೊಂಡಿದ್ದರೆ ಕೆಲಸಗಳನ್ನು ಹೊಂದಿಸಿಕೊಳ್ಳುವ ಪದ್ಧತಿಯ ಬಗ್ಗೆ ನಾನು ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಜುಲೈ ತಿಂಗಳಲ್ಲಿ. ಮುಂಗಾರು ಹಿಡಿಯುವ ಮೊದಲು, ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಅಡಿಕೆ ಗೊನೆಗಳಿಗೆ ಹೊಡೆದ ಬೋರ್ಡೋ ದ್ರಾವಣದ ಬಲ 40–45 ದಿನಗಳಲ್ಲಿ ತೀರುತ್ತದೆ. ಆಗ ಎರಡನೆಯ ಸಲ ಹೊಡೆಯದಿದ್ದರೆ ಕೊಳೆರೋಗ ಹತ್ತಿ ಎಳೆಕಾಯಿ ಮರದ ಬುಡಕ್ಕೆ ಉದುರತೊಡಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕಚೇರಿಯಲ್ಲಿ 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಮತ್ತು 31ರ ಆದಾಯ ತೆರಿಗೆ ರಿಟರ್ನ್ ಕಾದು ಕುಳಿತಿರುತ್ತವೆ.

2022ರ ಜುಲೈನಲ್ಲಿ ನಾನು ಎರಡನ್ನೂ ಕೆಡಿಸಿಕೊಂಡೆ. ಆ ವರ್ಷ ನನ್ನ ಫೋನಿನಲ್ಲಿ ಚೆಂದದೊಂದು ಆ್ಯಪ್ ಇತ್ತು. ದಿನವನ್ನು ಅರ್ಧರ್ಧ ಗಂಟೆಯ ಚೌಕಗಳಾಗಿ ಒಡೆದು, ತೋಟಕ್ಕೆ ಹಸಿರು, ಕಚೇರಿಗೆ ನೀಲಿ, ಮನೆಗೆ ಹಳದಿ ಬಣ್ಣ ತುಂಬಿ, ಮಲಗುವ ಮೊದಲು ಮರುದಿನದ ಆ ಚಿತ್ರವನ್ನು ನೋಡಿ ಸಮಾಧಾನ ಪಡುವುದು ನನ್ನ ಅಭ್ಯಾಸವಾಗಿತ್ತು. ಅಮ್ಮ ಒಮ್ಮೆ ಅದನ್ನು ಬಗ್ಗಿ ನೋಡಿ, "ಮಳೆಗೆ ಯಾವ ಬಣ್ಣ ಹಾಕಿದ್ದೀಯೋ?" ಎಂದು ಕೇಳಿದ್ದಳು. ನಾನು ನಕ್ಕು ಸುಮ್ಮನಾಗಿದ್ದೆ.

ಜುಲೈ 15ರ ಬೆಳಿಗ್ಗೆ, ವಾರಗಟ್ಟಲೆ ಹೊಯ್ದ ಮಳೆ ಹೊಳವಾಗಿ ಎಳೆಬಿಸಿಲು ಬಿತ್ತು. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಫೋನ್ ಮಾಡಿ, ಇವತ್ತು ಔಷಧಿ ಹೊಡೆಯಲು ಬರಲೇ ಎಂದು ಕೇಳಿದ. ನನ್ನ ಆ್ಯಪಿನಲ್ಲಿ ಆ ಶುಕ್ರವಾರವಿಡೀ ನೀಲಿಯಾಗಿತ್ತು. ಸೋಮವಾರ ಬಾ ಎಂದು ಹೇಳಿ ನಾನು ಪೇಟೆಗೆ ಹೋದೆ. ಆ ದಿನ ಕಚೇರಿಯಲ್ಲಿ ಮಾಡಿದ್ದು ಮಳೆ ಹೊಯ್ಯುವಾಗ ಮನೆಯ ಜಗಲಿಯಲ್ಲಿ ಕೂತೂ ಮಾಡಬಹುದಾಗಿದ್ದ ಬಿಲ್ಲುಗಳ ಜೋಡಣೆ. ಶನಿವಾರ ಸಂಜೆಗೆ ಮತ್ತೆ ಮಳೆ ಹಿಡಿಯಿತು. ಸೋಮವಾರ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಅದರ ಬೆನ್ನಿಗೆ ನೆಟ್‌ವರ್ಕ್ ಹೋಯಿತು, ಹಳ್ಳ ತುಂಬಿ ದಾರಿಯೂ ಕಟ್ಟಿತು. ಇಬ್ಬರು ವ್ಯಾಪಾರಿಗಳ 3ಬಿ (ತಿಂಗಳ ಜಿಎಸ್‌ಟಿ) ರಿಟರ್ನ್ 20ಕ್ಕೆ ಹೋಗಬೇಕಾದದ್ದು 23ಕ್ಕೆ ಹೋಯಿತು. ದಿನಕ್ಕೆ 50 ರೂಪಾಯಿಯಂತೆ ತಲಾ 150 ರೂಪಾಯಿ ವಿಳಂಬ ಶುಲ್ಕ, ಕಟ್ಟಬೇಕಿದ್ದ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರ ಲೆಕ್ಕದಲ್ಲಿ ಮೂರು ದಿನದ ಬಡ್ಡಿ; ಅಷ್ಟನ್ನೂ ನಾನೇ ಕಟ್ಟಿದೆ. ಮೊತ್ತ ದೊಡ್ಡದಲ್ಲ, ಆದರೆ ಅವರಿಬ್ಬರಲ್ಲಿ ಒಬ್ಬರು ಮುಂದಿನ ತಿಂಗಳು ತಮ್ಮ ಫೈಲನ್ನು ವಾಪಸು ಕೇಳಿದರು. ತೋಟದ ಕೆಳಗಿನ ಬಣ್ಣದಲ್ಲಿ (ತೋಟದ ಒಂದೊಂದು ಭಾಗಕ್ಕೆ ನಮ್ಮಲ್ಲಿ ಬಣ್ಣ ಎನ್ನುತ್ತೇವೆ) ಆ ವರ್ಷ ಕೊಳೆಗೆ ಹೋದ ಕಾಯಿಯನ್ನು ನಾನು ಲೆಕ್ಕ ಹಾಕಲು ಹೋಗಲಿಲ್ಲ.

ಮಳೆಗಾಲವಿಡೀ ನಾನು ಯೋಚಿಸಿದ್ದು ಇಷ್ಟು: ನನ್ನ ಕೆಲಸಗಳಲ್ಲಿ ಗಡಿಯಾರವನ್ನು ಕೇಳುವಂಥವು ಬಹಳ ಕಡಿಮೆ. ಕೆಲವು ಹೊಳವನ್ನು, ಅಂದರೆ ಮಳೆ ಬಿಟ್ಟ ಹೊತ್ತನ್ನು ಕೇಳುತ್ತವೆ, ಕೆಲವು ಕರೆಂಟನ್ನು, ಕೆಲವು ನೆಟ್‌ವರ್ಕನ್ನು, ಕೆಲವು ಕೊನೆಗೌಡನಂಥ ಒಬ್ಬ ನಿರ್ದಿಷ್ಟ ಮನುಷ್ಯನನ್ನು. ಅಮೆರಿಕದ ಡೇವಿಡ್ ಅಲೆನ್ ಪ್ರಚಾರಕ್ಕೆ ತಂದ ಜಿಟಿಡಿ (ಗೆಟಿಂಗ್ ಥಿಂಗ್ಸ್ ಡನ್) ಎಂಬ ಪದ್ಧತಿಯಲ್ಲಿ, ಮಾಡಬೇಕಾದದ್ದನ್ನೆಲ್ಲ ತಲೆಯಿಂದ ಹೊರಗೆ ಬರೆದಿಟ್ಟು, ಪ್ರತಿಯೊಂದನ್ನೂ ಅದು ಎಲ್ಲಿ, ಯಾವ ಸಲಕರಣೆ ಕೈಯಲ್ಲಿದ್ದಾಗ ಆಗುತ್ತದೆ ಎಂಬುದರ ಪ್ರಕಾರ ಬೇರೆ ಬೇರೆ ಪಟ್ಟಿಗೆ ಹಾಕಬೇಕೆಂಬ ಸೂಚನೆಯಿದೆ. ಅಲ್ಲಿ ಫೋನು, ಕಂಪ್ಯೂಟರು, ಕಚೇರಿ, ಪೇಟೆ ತಿರುಗಾಟ ಎಂಬಂಥ ವಿಂಗಡಣೆ. ನಾನು ಅದನ್ನೇ ಎತ್ತಿಕೊಂಡು, ಹೆಸರುಗಳನ್ನು ಮಾತ್ರ ನಮ್ಮ ಊರಿನವು ಮಾಡಿಕೊಂಡೆ.

ಈಗ ನನ್ನ ಬಳಿ ಇರುವುದು ಒಂದು ಉದ್ದನೆಯ ಲೆಕ್ಕದ ಪುಸ್ತಕ ಮತ್ತು ಗೋಡೆಯ ಕ್ಯಾಲೆಂಡರ್. ಪುಸ್ತಕದಲ್ಲಿ ನಾಲ್ಕು ಪಟ್ಟಿಗಳಿವೆ: ಹೊಳವು, ಜಗಲಿ, ಕರೆಂಟು, ಪೇಟೆ. ಮಳೆ ಬಿಟ್ಟಾಗಲೇ ಆಗಬೇಕಾದದ್ದು ಮೊದಲನೆಯದರಲ್ಲಿ. ಎಷ್ಟೇ ಹೊಯ್ದರೂ ಕೂತು ಮಾಡಬಹುದಾದದ್ದು, ಅಂದರೆ ಬಿಲ್ಲು ವಿಂಗಡಿಸುವುದು, ಬ್ಯಾಂಕ್ ಪಾಸ್‌ಬುಕ್ಕಿಗೆ ಟಿಕ್ ಹಾಕುವುದು, ಕತ್ತಿ ಮಸೆಯುವುದು, ಎರಡನೆಯದರಲ್ಲಿ. ಕರೆಂಟು ಮತ್ತು ನೆಟ್‌ವರ್ಕನ್ನು ಮೊದಲು ಬೇರೆ ಬೇರೆ ಇಟ್ಟಿದ್ದೆ. ನಮ್ಮಲ್ಲಿ ಒಂದು ಹೋದರೆ ಇನ್ನೊಂದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲವಾದ್ದರಿಂದ ಒಟ್ಟು ಮಾಡಿದೆ. ಬೆಳಿಗ್ಗೆ ಎದ್ದು ಅಂಗಳಕ್ಕೆ ಹೋಗಿ ಮುಗಿಲು ನೋಡಿದ ಮೇಲೆ ಯಾವ ಪಟ್ಟಿಯನ್ನು ತೆರೆಯಬೇಕೆಂಬುದು ತೀರ್ಮಾನವಾಗುತ್ತದೆ.

ಕ್ಯಾಲೆಂಡರಿಗೆ ಹೋಗುವುದು ತಾರೀಖು ತಪ್ಪಿದರೆ ದಂಡ ಬೀಳುವ ಕೆಲಸ ಮಾತ್ರ: 7ಕ್ಕೆ ಟಿಡಿಎಸ್ (ಪಾವತಿಯಲ್ಲೇ ಮುರಿದುಕೊಂಡ ತೆರಿಗೆ) ಕಟ್ಟುವುದು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ 3ಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇವನ್ನು ನಾಲ್ಕು ದಿನ ಮುಂಚೆಯ ಚೌಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. 20 ಎಂಬುದು ನನಗೆ 16. ಬೇರೆ ಏನನ್ನೂ ಆ ಕ್ಯಾಲೆಂಡರಿನಲ್ಲಿ ಬರೆಯಲು ಮನೆಯವರಿಗೂ ಬಿಡುವುದಿಲ್ಲ, ಹಾಲಿನ ಲೆಕ್ಕ ಒಂದನ್ನು ಬಿಟ್ಟು; ಅದು ನಾನು ಸೋತ ವಾದ.

ಪಟ್ಟಿ ಬರೆಯುವಾಗ ನಾನು ಕಲಿತ ದೊಡ್ಡ ಪಾಠ ಬೋರ್ಡೋ ಹೊಡೆಯುವುದರಿಂದಲೇ ಬಂತು. ಮೊದಲ ವರ್ಷ ಹೊಳವಿನ ಪಟ್ಟಿಯಲ್ಲಿ "ಔಷಧಿ ಹೊಡೆಯುವುದು" ಎಂದು ಒಂದೇ ಸಾಲು ಬರೆದಿದ್ದೆ. ಹೊಳವಾದ ದಿನ ನೋಡಿದರೆ ಸುಣ್ಣವೇ ಇರಲಿಲ್ಲ. ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಇಳಿಬಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಕಬ್ಬಿಣದ ಪಾತ್ರೆ ಆಗದು. ಸುಣ್ಣದ ತಿಳಿಯನ್ನು ಬೇರೆ ಡ್ರಮ್ಮಿನಲ್ಲಿ ಮಾಡಿಕೊಂಡು, ಮೈಲುತುತ್ತದ ನೀರನ್ನು ಅದಕ್ಕೆ ಸುರಿಯುತ್ತ ಕದಡಬೇಕು. ಕೊನೆಗೆ ತಿಕ್ಕಿ ಬೆಳಗಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕಲಸಿದ್ದನ್ನು ಅದೇ ದಿನ ಹೊಡೆದು ಮುಗಿಸಬೇಕು. ಹೀಗೆ ಬಿಡಿಸಿ ನೋಡಿದರೆ ಆ ಒಂದು ಸಾಲಿನೊಳಗೆ ಪೇಟೆಯ ಕೆಲಸ ಎರಡು (ಸುಣ್ಣ ತರುವುದು, ಪಂಪಿನ ವಾಷರ್ ಬದಲಿಸುವುದು), ಜಗಲಿಯ ಕೆಲಸ ಎರಡು, ಒಂದು ಫೋನು ಇದ್ದವು; ನಿಜವಾಗಿ ಹೊಳವನ್ನು ಕೇಳುತ್ತಿದ್ದದ್ದು ಒಂದೇ. ಈಗ ಜೂನ್ ಕೊನೆಯೊಳಗೆ ಉಳಿದವೆಲ್ಲ ಮುಗಿದಿರುತ್ತವೆ. ಆದಾಯ ತೆರಿಗೆಯ ರಿಟರ್ನನ್ನೂ ಹೀಗೆಯೇ ಒಡೆದ ಮೇಲೆ, ಕರೆಂಟು ಬೇಕಾಗುವ ಭಾಗ ಒಬ್ಬರಿಗೆ ಅರ್ಧ ಗಂಟೆಗಿಂತ ಹೆಚ್ಚಿಲ್ಲವೆಂದು ತಿಳಿಯಿತು. ಉಳಿದದ್ದು ಕಾಗದಪತ್ರ ಕೇಳಿ ತರಿಸಿಕೊಳ್ಳುವ ಕೆಲಸ.

ತೋಟದಲ್ಲಿರುವಾಗ ನೆನಪಾದದ್ದನ್ನು ಬರೆದುಕೊಳ್ಳುವುದು ಬಹಳ ದಿನ ತೊಡಕಾಗಿತ್ತು. ಫೋನು ಒದ್ದೆ ಕೈಗೆ ಸ್ಪಂದಿಸುವುದಿಲ್ಲ, ಪೆನ್ನಿನ ಶಾಯಿ ಕದಡುತ್ತದೆ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಜೇಬಿನ ಅಳತೆಗೆ ಕತ್ತರಿಸಿ, ಮೋಟು ಪೆನ್ಸಿಲ್ ಜೊತೆಗಿಟ್ಟುಕೊಂಡ ಮೇಲೆ ಆ ತೊಡಕು ಹೋಯಿತು. ಪೆನ್ಸಿಲ್ ಗೀಟು ತೇವಕ್ಕೆ ಅಳಿಸುವುದಿಲ್ಲ. ರಾತ್ರಿ ಊಟದ ಮೊದಲು ಚೀಟಿಯಲ್ಲಿರುವುದು ಪುಸ್ತಕಕ್ಕೆ ಹೋಗಿ, ಚೀಟಿ ಬಚ್ಚಲ ಒಲೆಗೆ ಹೋಗುತ್ತದೆ.

ಇಂಥ ಪದ್ಧತಿಗಳಲ್ಲಿ ವಾರಕ್ಕೊಮ್ಮೆ ಎಲ್ಲ ಪಟ್ಟಿಗಳನ್ನೂ ತಿರುವಿ ನೋಡಬೇಕೆಂದು ಹೇಳುತ್ತಾರೆ. ಭಾನುವಾರ ಕೂರುತ್ತೇನೆಂದು ಎಷ್ಟೋ ಸಲ ಶಪಥ ಮಾಡಿದ್ದೆ. ನಮ್ಮ ಕಡೆ ಭಾನುವಾರವೆಂದರೆ ಗೃಹಪ್ರವೇಶ, ಉಪನಯನ. ಬದಲಿಗೆ ಮಳೆ ನಕ್ಷತ್ರ ಬದಲಾಗುವ ದಿನವನ್ನು ಹಿಡಿದುಕೊಂಡೆ. ಒಂದೊಂದು ನಕ್ಷತ್ರ 13–14 ದಿನ ನಡೆಯುತ್ತದೆ, ಪಂಚಾಂಗದಲ್ಲಿ ಅಚ್ಚಾಗಿಯೇ ಇರುತ್ತದೆ, ಮನೆಯಲ್ಲಿ ಅಮ್ಮ ಹೇಗೂ "ಇವತ್ತಿನಿಂದ ಪುಷ್ಯ" ಎಂದು ಘೋಷಿಸುತ್ತಾಳೆ. ಆ ಸಂಜೆ ಪುಸ್ತಕ ಹಿಡಿದು ಕೂತು, ಎರಡು ನಕ್ಷತ್ರ ಕಳೆದರೂ ಕದಲದ ಸಾಲನ್ನು ಹೊಡೆದುಹಾಕುತ್ತೇನೆ ಅಥವಾ ಇನ್ನೂ ಸಣ್ಣದಾಗಿ ಒಡೆಯುತ್ತೇನೆ. ಹಿಂದಿನ ವರ್ಷದ ಅದೇ ನಕ್ಷತ್ರದ ಪುಟ ನೋಡುವುದರಿಂದ ಮರೆತದ್ದೂ ನೆನಪಿಗೆ ಬರುತ್ತದೆ.

ಇಪ್ಪತ್ತೈದು ನಿಮಿಷ ದುಡಿದು ಐದು ನಿಮಿಷ ಬಿಡುವು ಕೊಡುವ ಪೊಮೊಡೊರೊ ಕ್ರಮವನ್ನೂ ಪ್ರಯತ್ನಿಸಿದ್ದೇನೆ. ಕಚೇರಿಯಲ್ಲಿ ಅಂಕಿ ತುಂಬುವಾಗ ಅದು ಚೆನ್ನಾಗಿ ಒದಗುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯುವ ಹಂಡೆಯ ಮುಂದೆ ಅದಕ್ಕೆ ಕೆಲಸವಿಲ್ಲ. ಇನ್ನು ಕೊನೆಗೌಡ ನನ್ನೊಬ್ಬನ ಪಟ್ಟಿಯಲ್ಲಿ ಇರುವವನಲ್ಲ, ಹೊಳವಾದ ದಿನ ಊರಿನವರೆಲ್ಲರಿಗೂ ಅವನೇ ಬೇಕು. ಇದಕ್ಕೆ ನನ್ನ ಪುಸ್ತಕದಲ್ಲಿ ಪರಿಹಾರವಿಲ್ಲ. ನೆರೆಯ ಎರಡು ಮನೆಯವರೊಂದಿಗೆ ಸರದಿ ಮಾತಾಡಿಕೊಂಡಿದ್ದೇವೆ, ಅದು ಅರ್ಧ ನಡೆಯುತ್ತದೆ.

2024ರ ಜುಲೈನಲ್ಲಿ ಪುನರ್ವಸು ಮಳೆ ಬಿಡದೆ ಹೊಯ್ಯಿತು. 16ರ ಕೆಂಪು ಚೌಕಕ್ಕೆ 3ಬಿಗಳೆಲ್ಲ ಮುಗಿದಿದ್ದವು. ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಮುಗಿಲು ಹರಿದು ಹೊಳವಾದಾಗ ಆರು ಜನರ ಆದಾಯ ತೆರಿಗೆ ರಿಟರ್ನ್ ಇನ್ನೂ ಬಾಕಿಯಿತ್ತು, ಅವು ಕರೆಂಟಿನ ಪಟ್ಟಿಯಲ್ಲಿದ್ದವು. ಕೊನೆಗೌಡನ ಫೋನ್ ಬರುವುದಕ್ಕೆ ಕಾಯದೆ ನಾನೇ ಮಾಡಿದೆ. ಮೈಲುತುತ್ತ ರಾತ್ರಿಯೇ ನೀರಿಗೆ ಬಿದ್ದಿತ್ತು. ಮಧ್ಯಾಹ್ನ ಮೂರಕ್ಕೆ ಕೆಳಗಿನ ಬಣ್ಣ ಮುಗಿಸಿ ಮೇಲಿನದಕ್ಕೆ ಹತ್ತುವಾಗ ಪಡುವಣದಲ್ಲಿ ಮತ್ತೆ ಕಪ್ಪು ಕಟ್ಟಿತು. ಮುಕ್ಕಾಲು ತೋಟ ಆಗಿತ್ತು. ಉಳಿದ ಕಾಲುಭಾಗವನ್ನು ಆ ರಾತ್ರಿ ಹೊಳವಿನ ಪಟ್ಟಿಯಲ್ಲಿ ಹೊಸದಾಗಿ ಬರೆದು, ಆ ಆರು ಜನರ ಕಾಗದದ ಕಟ್ಟನ್ನು ಜಗಲಿಗೆ ತಂದಿಟ್ಟುಕೊಂಡೆ.