ನೇಪಿಯರ್ ಹುಲ್ಲಿಗೆ ಯೂರಿಯಾ ಯಾವಾಗ, ನೀರು ಯಾವಾಗ?

ಹಸುಗಳಿಗೆ ಅಂತ ಹೈಬ್ರಿಡ್ ನೇಪಿಯರ್ ಹಾಕಿದ್ದೀರಾ? ಹಾಗಾದರೆ ನೀರು, ಯೂರಿಯಾ ಎರಡನ್ನೂ ಜೋಡೆತ್ತಿನ ಹಾಗೆ ನೋಡಿ. ಒಂದೇ ಎಳೆದರೆ ಗಾಡಿ ಹೋಗಲ್ಲ.

ನಾಟಿಯಾದ 60-75 ದಿನಕ್ಕೆ ಮೊದಲ ಕಟಾವು, ಆಮೇಲೆ ಸುಮಾರು 45 ದಿನಕ್ಕೊಮ್ಮೆ. ಪ್ರತಿ ಕಟಾವಿನ ನಂತರ ಸಾರಜನಕ ಕೊಡಲೇಬೇಕು, ಯಾಕೆಂದರೆ ಕೊಯ್ದ ಹುಲ್ಲಿನ ಜೊತೆ ಅದೂ ಹೊಲದಿಂದ ಹೊರಗೆ ಹೋಗಿರುತ್ತದೆ. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಸುಮಾರು 20 ಕೆಜಿ. ಎಷ್ಟು ಹಾಕಬೇಕು ಅನ್ನುವುದನ್ನು ಮಣ್ಣು ಪರೀಕ್ಷೆ ನೋಡಿ ತೀರ್ಮಾನಿಸಿ.

ಒಣ ನೆಲದ ಮೇಲೆ ಸುಮ್ನೆ ಎರಚಿ ಬಿಡಬೇಡಿ. ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ದುಡ್ಡೂ ಅದರ ಜೊತೆ ಹೋದಂತೆ ಅಲ್ವಾ? ಸಾಲಿನ ಪಕ್ಕ ಹಾಕಿ, ಮಣ್ಣು ಮುಚ್ಚಿ, ಅದೇ ದಿನ ಹದವಾಗಿ ನೀರು ಕೊಡಿ. ನೀರು ನಿಲ್ಲುವಷ್ಟು ಬಿಟ್ಟರೆ ಗೊಬ್ಬರ ಬೇರಿನ ಕೆಳಗೆ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣು ನೋಡಿಕೊಂಡು 7-10 ದಿನಕ್ಕೊಮ್ಮೆ ನೀರು ಸಾಕು.

ಬೋರ್‌ವೆಲ್ ಕೈಕೊಟ್ಟಿದೆಯಾ? ಯೂರಿಯಾ ನಿಲ್ಲಿಸಿ. ಜಾಸ್ತಿ ಯೂರಿಯಾ ತಿಂದು ಬಾಡಿದ ಹುಲ್ಲಿನಲ್ಲಿ, ಅದರಲ್ಲೂ ಕಾಂಡದ ಬುಡದಲ್ಲಿ, ನೈಟ್ರೇಟ್ ಸೇರಿಕೊಳ್ಳುತ್ತದೆ. ಅಂಥ ಹುಲ್ಲು ಹಸುವಿನ ಜೀವಕ್ಕೇ ಕುತ್ತು. ತಿಂದ ಮೇಲೆ ಹಸು ಏದುಸಿರು ಬಿಟ್ಟು ತೂರಾಡಿದರೆ ಕಾಯಬೇಡಿ, ತಕ್ಷಣ ಪಶುವೈದ್ಯರನ್ನು ಕರೆಸಿ.