ಎಂಟು ನಂಬರ್ ಕಡ್ಡಿ ತಂದವನ ಕಥೆ

ನಮ್ಮ ದನದ ಕೊಟ್ಟಿಗೆಯ ಗೇಟಿನ ಕೆಳಮೂಲೆಯಲ್ಲಿ ಏಳು ತೂತುಗಳಿವೆ. ಏಳೂ ನಾನೇ ಹೊಡೆದದ್ದು. ಡ್ರಿಲ್‌ನಿಂದ ಅಲ್ಲ, ವೆಲ್ಡಿಂಗ್ ಕಡ್ಡಿಯಿಂದ.

ನಮ್ಮದು ಕೊಪ್ಪಳ ಜಿಲ್ಲೆ, ಕಾರಟಗಿ ಹತ್ತಿರದ ಊರು. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತದ ಗದ್ದೆ, ಎಲ್ಲಿ ನೋಡಿದರೂ ಟ್ರ್ಯಾಕ್ಟರ್. ಇಂಥ ಕಡೆ ಕಬ್ಬಿಣದ ಸಾಮಾನು ಒಂದಲ್ಲ ಒಂದು ಮುರಿಯುತ್ತಲೇ ಇರುತ್ತದೆ. ನಾಟಿ ಹೊತ್ತಿನಲ್ಲಿ ವೆಲ್ಡಿಂಗ್ ಅಂಗಡಿಗೆ ಹೋದರೆ ಎರಡು ಇಂಚು ಬೆಸುಗೆಗೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಅದಕ್ಕೇ 2023ರ ಬೇಸಿಗೆಯಲ್ಲಿ 200 ಆಂಪ್ಸ್‌ನ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಮತ್ತು ಕಬ್ಬಿಣ ಕತ್ತರಿಸಿ ಉಜ್ಜುವ ನಾಲ್ಕು ಇಂಚಿನ ಗ್ರೈಂಡರ್ ತಂದುಬಿಟ್ಟೆ. ಕಲಿತದ್ದು ಆಮೇಲೆ.

ಕಡ್ಡಿ ತರಲು ಗಂಗಾವತಿಗೆ ಹೋದಾಗ ಅಂಗಡಿಯವರು "ಯಾವ ನಂಬರ್?" ಅಂದರು. ಗೇಟಿನದು 16 ಗೇಜ್ ಚೌಕ ಪೈಪು, ಗೋಡೆ ಒಂದೂವರೆ ಮಿಲಿಮೀಟರ್ ಚಿಲ್ಲರೆ. ತೆಳು ಪೈಪಿಗೆ ತೆಳು ಕಡ್ಡಿ ಬೇಕು ಅನ್ನೋದು ಗೊತ್ತಿತ್ತು. ಸಣ್ಣ ನಂಬರ್ ಅಂದರೆ ಸಣ್ಣ ಕಡ್ಡಿ ಅಲ್ವಾ? "ಎಂಟು ಕೊಡ್ರಿ" ಅಂದೆ.

ಈ ನಂಬರ್ ಉಲ್ಟಾ ನಡೆಯುತ್ತದೆ. ಇದು ಹಳೇ ಕಾಲದ ತಂತಿ ಎಳೆಯುವವರ ಲೆಕ್ಕ. ಹೆಚ್ಚು ಸಲ ಎಳೆದಷ್ಟು ತಂತಿ ತೆಳು, ನಂಬರ್ ಜಾಸ್ತಿ. ಹಾಗಾಗಿ 12 ನಂಬರ್ ಅಂದರೆ 2.5 ಮಿಲಿಮೀಟರ್, 10 ಅಂದರೆ 3.15, 8 ಅಂದರೆ 4 ಮಿಲಿಮೀಟರ್. ಪೈಪಿನ ಗೇಜ್ ಕೂಡ ಇದೇ ಉಲ್ಟಾ ಲೆಕ್ಕ. ನಾನು ಪೈಪಿನ ಗೋಡೆಗಿಂತ ಎರಡು ಪಟ್ಟಿಗೂ ಜಾಸ್ತಿ ದಪ್ಪ ಇರುವ ಕಡ್ಡಿ ತಂದಿದ್ದೆ.

ಮನೆಗೆ ಬಂದು 80 ಆಂಪ್ಸ್ ಇಟ್ಟು ಶುರು ಮಾಡಿದೆ. ಕಡ್ಡಿ ಪೈಪಿಗೆ ಅಂಟಿಕೊಂಡಿತು. ಎಳೆದರೂ ಬರಲ್ಲ, ಕೆಂಪಗಾಗಿ ಬಾಗಿತು. 4 ಮಿಲಿಮೀಟರ್ ಕಡ್ಡಿ ಸರಿಯಾಗಿ ಉರಿಯಬೇಕಾದರೆ 140 ಆಂಪ್ಸ್ ಆದರೂ ಬೇಕು. ಸರಿ, ಅಂತ 150ಕ್ಕೆ ತಿರುಗಿಸಿದೆ. ಈ ಸಲ ಕಡ್ಡಿ ಚೆನ್ನಾಗಿ ಉರಿಯಿತು, ಪೈಪೇ ಕರಗಿ ಒಳಗೆ ಬಿತ್ತು. ತೂತು ಮುಚ್ಚಲು ಹೋದೆ, ಪಕ್ಕದಲ್ಲಿ ಇನ್ನೊಂದು ಆಯಿತು. ನಮ್ಮ ಓಣಿಯಲ್ಲೇ ಒಬ್ಬರು ಹಳೇ ಮಿಸ್ತ್ರಿ ಇದ್ದಾರೆ, ನಮಗೆ ಕಾಕಾ. ಆ ಕಡೆ ಹೋಗುತ್ತಿದ್ದವರು ನಿಂತು ನೋಡಿ, "ಏನ್ ತಮ್ಮಾ, ಬೆಸಿಯಾಕ ಹತ್ತೀಯೋ, ತೂತು ಹೊಡಿಯಾಕ ಹತ್ತೀಯೋ?" ಅಂದರು.

ಅವರೇ ತಮ್ಮ ಮನೆಯಿಂದ 12 ನಂಬರಿನ ನಾಲ್ಕು ಕಡ್ಡಿ ತಂದುಕೊಟ್ಟರು. 65 ಆಂಪ್ಸ್ ಇಡಿಸಿದರು. ಉದ್ದಕ್ಕೆ ಎಳೆಯಬೇಡ, ಚುಕ್ಕೆ ಚುಕ್ಕೆ ಇಡು, ಒಂದು ಆರಿದ ಮೇಲೆ ಇನ್ನೊಂದು ಅಂದರು. ಹೋಲ್ಡರ್ ವೈರನ್ನು ಮೈನಸ್‌ಗೆ ಹಾಕಿಸಿದರು. ತೆಳು ಪೈಪಿಗೆ ಹಾಗೆ ಮಾಡಿದರೆ ಒಳಗೆ ಕೊರೆಯುವುದು ಕಡಿಮೆ. ಎಂಟನೇ ತೂತು ಬೀಳಲಿಲ್ಲ.

ಪ್ಯಾಕೆಟ್ ಮೇಲಿನ 6013 ಅನ್ನೋದು ಬೇರೆ ವಿಷಯ. ಮೊದಲಿನ 60 ಅಂದರೆ ಬೆಸುಗೆ ಚದರ ಇಂಚಿಗೆ 60,000 ಪೌಂಡ್ ಎಳೆತ ತಡೆಯುತ್ತದೆ. ಮುಂದಿನ 1 ಅಂದರೆ ನೆಟ್ಟಗೆ, ಅಡ್ಡ, ತಲೆಯ ಮೇಲೆ, ಹೇಗೆ ಬೇಕಾದರೂ ಬೆಸೆಯಬಹುದು. ಕೊನೆಯ 3 ಮೇಲಿನ ಲೇಪದ ಗುರುತು. ಸುಲಭವಾಗಿ ಹೊತ್ತುತ್ತದೆ, ಬೆಸುಗೆ ಮೇಲೆ ಕಟ್ಟುವ ಸ್ಲ್ಯಾಗ್ ಅನ್ನೋ ಹೊಟ್ಟು ತಾನೇ ಬಿಡುತ್ತದೆ. ಗೇಟು, ಕಿಟಕಿ, ಟ್ರಾಲಿ ಪಟ್ಟಿ, ಹೊಸಬರ ಕೆಲಸ ಎಲ್ಲಾ ಇದರಲ್ಲೇ ಆಗುತ್ತದೆ.

ನಾನು ಸುಮ್ನೆ ಇರದೆ 7018 ಅನ್ನೋ ಇನ್ನೊಂದು ಥರದ ಕಡ್ಡಿಯ ಒಂದು ಪ್ಯಾಕೆಟ್ ಕೂಡ ತಂದಿದ್ದೆ. ಅದು ಗಟ್ಟಿ ಅಂತ ಯಾರೋ ಹೇಳಿದ್ದರು. ಗಟ್ಟಿ ನಿಜ, ಆದರೆ ಅದರ ಲೇಪ ಗಾಳಿಯ ತೇವ ಕುಡಿಯುತ್ತದೆ. ಪ್ಯಾಕೆಟ್ ಒಡೆದು ಮಳೆಗಾಲವಿಡೀ ಗೊಬ್ಬರದ ಚೀಲದ ಪಕ್ಕ ಇಟ್ಟೆ. ತೇವ ಕುಡಿದರೆ 7018 ತಂದ ಉದ್ದೇಶವೇ ಹಾಳು. ಬೆಸುಗೆಯೊಳಗೆ ಗಾಳಿಗುಳ್ಳೆ, ಆಮೇಲೆ ಬಿರುಕು. ಮತ್ತೆ ಒಣಗಿಸಲು 300 ಡಿಗ್ರಿಗೂ ಮೇಲಿನ ಓವನ್ ಬೇಕು. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೂ ಅದು ಬಗ್ಗಲ್ಲ, ಹಪ್ಪಳ ಸಂಡಿಗೆ ಒಣಗಿದ ಹಾಗಲ್ಲ. ಓವನ್ ಇಲ್ಲದವರು ಅದರ ತಂಟೆಗೆ ಹೋಗದಿರುವುದೇ ವಾಸಿ ಅನ್ನೋದು ನನ್ನ ಅಭಿಪ್ರಾಯ.

ಕಡ್ಡಿ ಸರಿ ಇದ್ದೂ ಕಾಡಿದ್ದು ಕರೆಂಟು. ಮನೆಯಿಂದ ಕೊಟ್ಟಿಗೆಗೆ ಎಳೆದ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು, ಮಷಿನ್ 90 ಆಂಪ್ಸ್ ತೋರಿಸಿದರೂ ಕಡ್ಡಿ ಹೊತ್ತುತ್ತಿರಲಿಲ್ಲ. ನಾಲ್ಕು ಚದರ ಮಿಲಿಮೀಟರ್ ತಾಮ್ರದ ವೈರು, 16 ಆಂಪ್ಸ್‌ನ ಪ್ಲಗ್ ಹಾಕಿಸಿದ ಮೇಲೆ ಅದೇ ಮಷಿನ್ ಬೇರೆಯದೇ ಅನಿಸಿತು.

ನಿಜವಾಗಿ ಬುದ್ಧಿ ಕಲಿಸಿದ್ದು ಕೇಜ್ ವೀಲ್, ಅಂದರೆ ಕೆಸರು ಗದ್ದೆಗೆ ಟ್ರ್ಯಾಕ್ಟರ್‌ಗೆ ಹಾಕುವ ಕಬ್ಬಿಣದ ಪಂಜರದಂಥ ಗಾಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದೇ ವಾರ. ಕಾಲುವೆಗೆ ನೀರು ಎಷ್ಟು ದಿನ ಸಿಗುತ್ತದೋ ಅನ್ನೋ ಭಯದಲ್ಲಿದ್ದೆವು. ಹೊಳೆ ಹರಿಯುತ್ತಿರುವಾಗಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ನೀರು ತಡೆಯುವ ಉಕ್ಕಿನ ಹಲಗೆ, ಇಳಿಸುತ್ತಾರಂತೆ ಅಂತ ಹೋಟೆಲಿನಲ್ಲೆಲ್ಲಾ ಅದೇ ಮಾತು. ಅದರ ನಡುವೆ ನಾಟಿಗೆ ಗದ್ದೆ ಕೆಸರು ಮಾಡುವ ರೊಳ್ಳಿ ಹೊಡೆಯುವಾಗ ನಮ್ಮ ಕೇಜ್ ವೀಲ್‌ನ ಒಂದು ಆಂಗಲ್ ಬುಡದಲ್ಲಿ ಸೀಳು ಬಿತ್ತು. ಕೆಸರು ಒರೆಸಿ, ಸೀಳಿನ ಮೇಲೆ ದಪ್ಪಗೆ ಬೆಸುಗೆ ಎಳೆದೆ. ನೋಡಲು ಚೆಂದ ಇತ್ತು. ಮರುದಿನ ಮಧ್ಯಾಹ್ನಕ್ಕೆ ಅದೇ ಜಾಗದಲ್ಲಿ ಬಿಟ್ಟುಕೊಂಡಿತು.

ಕಾಕಾ ನೋಡಿ, "ಇದು ಸುಣ್ಣ ಬಳದಂಗ ಆಗೇತಿ. ಮೊದಲ ಸೀಳು ಬಿಚ್ಚು, ಆಮ್ಯಾಲ ತುಂಬು" ಅಂದರು. ಗ್ರೈಂಡರ್‌ನಿಂದ ತುಕ್ಕು, ಬಣ್ಣ ತೆಗೆದು ಹೊಳೆಯುವ ಕಬ್ಬಿಣ ಕಾಣುವ ಹಾಗೆ ಮಾಡಿದೆ. ಸೀಳಿನ ಉದ್ದಕ್ಕೂ ನೇಗಿಲ ಸಾಲಿನ ಹಾಗೆ ಕೊರೆದೆ. 10 ನಂಬರ್ 6013, 110 ಆಂಪ್ಸ್. ಮೊದಲ ಸುತ್ತು ಆಳಕ್ಕೆ, ಸ್ಲ್ಯಾಗ್ ಪೂರಾ ಕುಟ್ಟಿ ತಂತಿ ಬ್ರಷ್ ಹೊಡೆದು ಎರಡನೇ ಸುತ್ತು, ಆಮೇಲೆ ಹಿಂದಿನ ಬದಿ. ಎರಡು ಹಂಗಾಮು ಆಯಿತು, ಗಟ್ಟಿಯಾಗಿದೆ. ಕಡ್ಡಿಯದಲ್ಲ, ಗ್ರೈಂಡರಿನದೇ ಅರ್ಧ ಕೆಲಸ ಅನ್ನೋದು ಆಗ ತಿಳಿಯಿತು.

ಗ್ರೈಂಡರಿಗೆ ಎರಡು ಥರದ ವೀಲ್ ಬೇಕು. ಕತ್ತರಿಸಲು 1 ಮಿಲಿಮೀಟರಿನ ತೆಳುವಾದದ್ದು, ಉಜ್ಜಲು 6 ಮಿಲಿಮೀಟರಿನ ದಪ್ಪದ್ದು. ಬದಲಾಯಿಸಲು ಬೇಜಾರಾಗಿ ಒಮ್ಮೆ ತೆಳು ವೀಲಿನ ಪಕ್ಕೆಯಿಂದಲೇ ಉಜ್ಜಿದೆ. ಪಟ್ ಅಂತ ಒಡೆದು ಒಂದು ಚೂರು ನೀರಿನ ಡ್ರಮ್ಮಿಗೆ ನೆಟ್ಟಿತು. ವೀಲಿನ ಮೇಲೆ ಮುಚ್ಚಳದಂಥ ಗಾರ್ಡ್ ಇದ್ದದ್ದಕ್ಕೆ ನನಗೆ ನೆಡಲಿಲ್ಲ. ಗಾರ್ಡ್ ಬಿಚ್ಚಿಟ್ಟು ದೊಡ್ಡ ವೀಲ್ ಹಾಕೋದು ನಮ್ಮ ಕಡೆ ಒಂದು ಚಟ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ನಾಲ್ಕು ಇಂಚಿನ ವೀಲ್ 15,000 ಸುತ್ತಿನವರೆಗೂ ತಾಳುತ್ತದೆ. ಏಳು ಇಂಚಿನ ವೀಲ್ ಮೇಲೆ ಬರೆದಿರುವುದು 8,500 ಮಾತ್ರ. ವೀಲಿನ ನಡುವಿನ ಲೋಹದ ಬಳೆಯ ಮೇಲೆ ತಾರೀಖು ಇರುತ್ತದೆ, ಅದು ಮುಗಿದಿದ್ದರೆ ಅಗ್ಗಕ್ಕೆ ಕೊಟ್ಟರೂ ಬೇಡ.

ಹ್ಯಾಕ್ಸಾ ಬಿಡಬೇಡಿ. ಕರೆಂಟ್ ಹೋದಾಗ ಅದೇ ಗತಿ. ಹಲ್ಲು ಮುಂದಕ್ಕೆ ನೋಡಬೇಕು. ತೆಳು ಪೈಪಿಗೆ ಇಂಚಿಗೆ 32 ಹಲ್ಲಿನದು, ದಪ್ಪ ಪಟ್ಟಿಗೆ 18ರದು. 14 ಇಂಚಿನ ಕಟಿಂಗ್ ಮಷಿನ್ ದಿನಾ ಗೇಟು ಮಾಡುವವರಿಗೆ ಸರಿ, ನಾನು ತಗೊಂಡಿಲ್ಲ. ಅರ್ಧ ಇಂಚಿನ ಪ್ಲೇಟು ಬಂದರೆ ಗ್ಯಾಸ್ ಕಟಿಂಗ್‌ನವರ ಹತ್ತಿರ ಹೋಗುತ್ತೇನೆ.

ಇನ್ನೆರಡು ಪೆಟ್ಟು ತಿಂದಿದ್ದೇನೆ. ಬರೀ ಕೂಲಿಂಗ್ ಗ್ಲಾಸ್ ಹಾಕಿ ಬೆಸೆದ ರಾತ್ರಿ ಕಣ್ಣಿಗೆ ಮರಳು ಸುರಿದಂತಾಗಿ, ಆಲೂಗಡ್ಡೆ ಹೋಳು ಇಟ್ಟುಕೊಂಡು ಬೆಳಗಿನವರೆಗೂ ಕೂತಿದ್ದೆ. ಈಗ 11ನೇ ಶೇಡಿನ ಗಾಜಿರುವ ಹೆಲ್ಮೆಟ್ ಇಲ್ಲದೆ ಕಡ್ಡಿ ಹೊತ್ತಿಸಲ್ಲ. ಇನ್ನೊಂದು, ಗ್ರೈಂಡರ್ ಕಿಡಿ ನಾಲ್ಕು ಮಾರು ದೂರದ ಹುಲ್ಲಿನ ಬಣವೆಗೆ ಹಾರಿತು. ಹೊಗೆ ಕಂಡದ್ದು ಅವ್ವನಿಗೆ, ಕೊಡ ಎತ್ತಿ ಸುರಿದದ್ದೂ ಅವ್ವನೇ. ಅಂದಿನಿಂದ ಕೆಲಸ ಎಲ್ಲಾ ಮನೆ ಮುಂದಿನ ಕಾಂಕ್ರೀಟ್ ರಸ್ತೆಯ ಬದಿಗೆ ಬಂದಿದೆ.

ಎಂಟು ನಂಬರಿನ ಆ ಪ್ಯಾಕೆಟ್‌ನಲ್ಲಿ ಇನ್ನೂ ಅರ್ಧ ಉಳಿದಿದೆ. ಅಪ್ಪ ಅದರಲ್ಲಿ ಐದಾರು ಕಡ್ಡಿ ತೆಗೆದುಕೊಂಡು ಹಿತ್ತಲಿನ ಮೆಣಸಿನ ಗಿಡಗಳಿಗೆ ಆಸರೆ ಕೊಟ್ಟಿದ್ದಾರೆ.